ಪಾಯಕ್ಕಿಂತ ಮೊದಲು ಮಣ್ಣು

ಚಿ. ಸೌ. ಮೇಘಾ,

ಹುಬ್ಬಳ್ಳಿಯ ಗದಗ ರಸ್ತೆಯ ಕಡೆ ಪ್ಲಾಟು ತೆಗೆದುಕೊಂಡಿರಿ, ಅಕ್ಷಯ ತೃತೀಯಾಕ್ಕೆ ಭೂಮಿಪೂಜೆ ಇಟ್ಟುಕೊಂಡಿದ್ದೀರಿ ಎಂದು ನಿಮ್ಮವ್ವ ಹೇಳಿದಳು. ನೀನು ಮೊಬೈಲಿಗೆ ಕಳಿಸಿದ ನಕಾಶೆಯನ್ನೂ ನಿಧಾನವಾಗಿ ನೋಡಿದೆ. ದೇವರ ಕೋಣೆ ಈಶಾನ್ಯಕ್ಕೆ, ಅಡಿಗೆಮನೆ ಆಗ್ನೇಯಕ್ಕೆ, ಮೇಲೆ ನಿಮ್ಮವ್ವ ಬಂದಾಗ ಇರಲಿಕ್ಕೆ ಒಂದು ಕೋಣೆ. ಮನಸ್ಸು ತುಂಬಿತು. ಆದರೆ ಹಾಳೆಯ ಮೂಲೆಯಲ್ಲಿ ಪಾಯದ ಆಳ 5 ಅಡಿ ಎಂದಿತ್ತಲ್ಲ, ಅದು ಎಲ್ಲಿಂದ ಬಂತು ಎಂದು ಕೇಳಿದಾಗ ನೀನು, ‘ಕಂಟ್ರಾಕ್ಟರು ಹೇಳಿದರು ಮಾಮಾ, ಬಾಜೂ ಮನಿಯವರೂ ಅಷ್ಟ ಹಾಕ್ಯಾರಂತ’ ಅಂದಿ. ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು, ನಿಮ್ಮ ಯಜಮಾನರಿಗೂ ಓದಿ ಹೇಳು.

ನವಲಗುಂದದ ಕಡೆಯ ನಮ್ಮ ಅಜ್ಜನ ಮನೆಯನ್ನು ನೀನು ನೋಡಲಿಲ್ಲ. ನೀನು ಹುಟ್ಟುವ ಮೊದಲೇ ಅದು ಕೈಬಿಟ್ಟುಹೋಯಿತು. ದಪ್ಪ ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ. ಮಳೆಗಾಲ ಹಿಡಿಯಿತೆಂದರೆ ಪಡಸಾಲೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಗಸಿ ಹತ್ತಿರದ ಬಡಿಗ ಬಂದು ಕೆತ್ತಿ ಕೊಡುತ್ತೇನೆಂದರೆ ಅಜ್ಜ ಬಿಡುತ್ತಿರಲಿಲ್ಲ. ‘ಬ್ಯಾಸಿಗಿಗೆ ತಾನ ಸಡ್ಲ ಆಕ್ಕೈತಿ’ ಅನ್ನುತ್ತಿದ್ದರು. ಹಾಗೇ ಆಗುತ್ತಿತ್ತು. ಬೇಸಿಗೆಯಲ್ಲಿ ಅಂಗಳದ ನೆಲ ಬಿರಿದು ನನ್ನ ಕೈ ಇಳಿಯುವಷ್ಟು ಸೀಳು ಬಿಡುತ್ತಿತ್ತು, ಗೋಡೆಯಲ್ಲೂ ಸೀಳು. ಅಜ್ಜಿ ಪ್ರತಿ ವರ್ಷ ಮಣ್ಣು ಕಲಸಿ ಮೆತ್ತಿ ಸಾರಿಸುತ್ತಿದ್ದಳು. ಮಣ್ಣಿನ ಗೋಡೆ ನೆಲದ ಜೊತೆ ಒಂದಿಷ್ಟು ಬಾಗುತ್ತದೆ, ಮೆತ್ತಿದರೆ ಮತ್ತೆ ಒಂದಾಗುತ್ತದೆ. ಇಟ್ಟಿಗೆ, ಸಿಮೆಂಟು, ಟೈಲ್ಸು ಹಾಕಿದ ನಿನ್ನ ಮನೆಗೆ ಆ ಗುಣವಿಲ್ಲ. ಅದು ಬಾಗುವುದಿಲ್ಲ, ಒಡೆಯುತ್ತದೆ.

ಆ ಊರಲ್ಲಿ ಹಗೇವು ತೋಡುವವರಿದ್ದರು. ಜೋಳ ತುಂಬಿಡುವ ನೆಲದೊಳಗಿನ ಕಣಜ ಅದು. ಒಳಗೆ ನೀರಿನ ಪಸೆ ಬಂದರೆ ವರ್ಷದ ಕಾಳೆಲ್ಲ ಹಾಳು. ಹಾಗಾಗಿ ಎರಿ, ಅಂದರೆ ಕಪ್ಪು ಮಣ್ಣು, ಎಲ್ಲಿ ಎಷ್ಟು ಆಳಕ್ಕಿದೆ, ಎಲ್ಲಿ ಗರಸಿನ ಗಟ್ಟಿ ಪದರ ಸಿಗುತ್ತದೆ, ಯಾವ ಓಣಿಯಲ್ಲಿ ನೀರು ಜಿನುಗುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಕಾಳಿಗಾಗಿ ಅಷ್ಟು ನೆಲ ನೋಡುತ್ತಿದ್ದ ಜನರ ಮೊಮ್ಮಕ್ಕಳು ನಾವು, ಅದೇ ನೆಲ ತೆಗೆದು ನೋಡದೆ ಮನೆ ಕಟ್ಟುತ್ತಿದ್ದೇವೆ.

ನೀನು ಪ್ಲಾಟು ಕೊಂಡ ಕಡೆ ಬಹುತೇಕ ಎರಿ ಭೂಮಿ. ನಮ್ಮ ಧಾರವಾಡ ಜಿಲ್ಲೆ ಎರಡು ಸೀಮೆಗಳ ನಡುವೆ ಕೂತಿದೆ. ಪಡುವಣಕ್ಕೆ ಮಲೆನಾಡಿನ ಸೆರಗು, ಕೆಂಪು ಮಸಾರಿ. ಮೂಡಣಕ್ಕೆ ನವಲಗುಂದ, ಗದಗದ ಕಪ್ಪು ಎರಿ. ನಡುವಿನಲ್ಲಿ ಒಂದೇ ಬಡಾವಣೆಯ ಈ ತುದಿಗೆ ಒಂದು ಮಣ್ಣು, ಆ ತುದಿಗೆ ಇನ್ನೊಂದು ಮಣ್ಣು ಇರಬಹುದು. ಎರಿಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ನಮ್ಮ ದೇಶದಲ್ಲಿ ಈ ಉಬ್ಬು-ಕುಗ್ಗು ಸುಮಾರು ಮೂರೂವರೆ ಮೀಟರ್ ಆಳದವರೆಗೂ ನಡೆಯುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಅಂದರೆ ಹನ್ನೊಂದು ಅಡಿಗಿಂತ ಹೆಚ್ಚು. ಆಳವಾದ ಎರಿಯಲ್ಲಿ ನಿನ್ನ ಕಂಟ್ರಾಕ್ಟರ 5 ಅಡಿಯ ಪಾಯ ಹೋಗಿ ಕೂರುವುದು ಈ ಅಲುಗಾಟದ ನಟ್ಟನಡುವೆ.

ಸಣ್ಣ ಮನೆ, ಭಾರ ಕಡಿಮೆ, ಏನಾಗುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಎರಿಯಲ್ಲಿ ಅದು ತಿರುವುಮುರುವು. ಭಾರವಾದ ಕಟ್ಟಡ ಮಣ್ಣಿನ ಉಬ್ಬನ್ನು ಒಂದಿಷ್ಟಾದರೂ ತುಳಿದು ಹಿಡಿಯುತ್ತದೆ. ಒಂದಂತಸ್ತಿನ ಮನೆಯನ್ನು ಮಣ್ಣು ಎತ್ತಿಬಿಡುತ್ತದೆ. ಅದೂ ಸಮನಾಗಿ ಎತ್ತುವುದಿಲ್ಲ. ಮನೆಯ ನಡುವಿನ ನೆಲದಡಿ ಪಸೆ ವರ್ಷವಿಡೀ ಒಂದೇ ತೆರ ಇರುತ್ತದೆ, ಅಂಚಿನಲ್ಲಿ ಮಳೆಗೆ ನೆನೆದು ಬಿಸಿಲಿಗೆ ಆರುತ್ತದೆ. ಬಚ್ಚಲ ಪೈಪು ಸೋರಿದರೆ ಆ ಮೂಲೆ ಬೇರೆ. ಗೋಡೆ ಪಕ್ಕದಲ್ಲಿ ದೊಡ್ಡ ಬೇವಿನ ಗಿಡ ಬೆಳೆದು ನೀರು ಹೀರಿದರೆ ಆ ಮೂಲೆ ಬೇರೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಸೀಳು ನೋಡಿದ್ದೀಯಲ್ಲ, ಅದು ಈ ಏರುಪೇರಿನ ಸಹಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಶಾಲೆಯ ಕೋಣೆಗಳನ್ನು ಕಟ್ಟಿಸುವ ಉಸ್ತುವಾರಿ ನನಗೆ ಬಂದಿತ್ತು. ಸ್ವಲ್ಪ ದೂರದ ಬಾವಿಯ ದಂಡೆಯಲ್ಲಿ ಗರಸು ಕಾಣುತ್ತಿತ್ತು, ಇಲ್ಲೂ ಅದೇ ಇರುತ್ತದೆ ಎಂದು ಗುಂಡಿ ತೆಗೆಸದೆ ಪಾಯದ ಆಳ ಬರೆದುಕೊಟ್ಟೆ. ಅಲ್ಲಿ ಎರಿ ಇನ್ನೂ ಕೆಳಗೆ ಹೋಗಿತ್ತು. ಗೋಡೆಗಳು ಸೀಳಿದವು, ಮಕ್ಕಳನ್ನು ಬೇರೆ ಕಡೆ ಕೂರಿಸಿ ದುರಸ್ತಿ ಮಾಡಿಸಬೇಕಾಯಿತು. ತಪ್ಪು ನನ್ನದೇ. ಬಾಜೂದವರ ಆಳ ನಿನಗೆ ಸಾಲದು ಎಂದು ನಾನು ಹೇಳುವುದು ಇದನ್ನು ಕಂಡೇ.

ಇನ್ನೊಂದು ಮಾತು ಗಮನವಿಟ್ಟು ಕೇಳು. ಇದನ್ನು ಅನುಭವಸ್ಥ ಗೌಂಡಿಗಳೂ ಮರೆಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಒಣಗಿದ ಎರಿಮಣ್ಣಿಗೆ ಹಾರೆ ಹಾಕಿದರೆ ಜಗ್ಗುವುದಿಲ್ಲ. ‘ಏನ್ ಗಟ್ಟಿ ಐತ್ರಿ ನೆಲ’ ಅನ್ನುತ್ತಾರೆ. ಆ ಗಟ್ಟಿತನ ನಂಬಬೇಡ. ಅದು ನೀರು ಕಳೆದುಕೊಂಡದ್ದರಿಂದ ಬಂದದ್ದು, ಮೊದಲ ದೊಡ್ಡ ಮಳೆಗೆ ಹೋಗುತ್ತದೆ. ನಿಮ್ಮ ಮುಹೂರ್ತ ಬಿದ್ದಿರುವುದು ಅದೇ ದಿನಗಳಲ್ಲಿ. ಆದ್ದರಿಂದ ಎಷ್ಟು ಭಾರ ಹೊರುತ್ತದೆ ಎಂಬ ಒಂದೇ ಅಂಕಿ ಹಿಡಿದುಕೊಂಡು ಬರುವವರನ್ನು, ‘ಇದು ಎಷ್ಟು ಉಬ್ಬುತ್ತದೆ?’ ಎಂದೂ ಕೇಳು.

ಉಬ್ಬುವುದನ್ನು ಅಳೆಯುವ ಪರೀಕ್ಷೆ ಬಹಳ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂ, 10 ಗ್ರಾಂ ತೂಗಿ ಗೆರೆ ಹಾಕಿದ ಎರಡು ಗಾಜಿನ ಕೊಳವೆಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಗೆ ಈ ಮಣ್ಣು ಉಬ್ಬುವುದಿಲ್ಲ. ಒಂದು ದಿನ ಬಿಟ್ಟು ನೋಡಿದಾಗ ಸೀಮೆಎಣ್ಣೆಯಲ್ಲಿ ಮಣ್ಣು 10 ಗೆರೆಗೆ ನಿಂತು ನೀರಿನಲ್ಲಿ 16ಕ್ಕೆ ಏರಿದರೆ ಉಬ್ಬು ಶೇ. 60. ಶೇ. 50 ದಾಟಿದ್ದು ಬಹಳ ಉಬ್ಬುವ ಮಣ್ಣು. ಇಷ್ಟು ಸಣ್ಣ ಪರೀಕ್ಷೆಯನ್ನೂ ಮಾಡಿಸದೆ ಜೀವಮಾನದ ಗಳಿಕೆಯನ್ನು ನೆಲಕ್ಕೆ ಸುರಿಯುತ್ತಾರಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನೀನು ಬ್ಯಾಂಕಿನಲ್ಲಿ ಒಬ್ಬರಿಗೆ ಸಾಲ ಕೊಡುವ ಮುಂಚೆ ಅವರ ಉತಾರ, ಹಳೇ ಬಾಕಿ, ಜಾಮೀನು ಎಲ್ಲ ತಿರುವಿ ನೋಡುತ್ತೀ. ನೆಲಕ್ಕೂ ಅಷ್ಟೇ ಮಾಡು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಮಣ್ಣು ಪರೀಕ್ಷೆ ಮಾಡುವವರನ್ನು ಕರೆಸಿ ಮನೆ ಬರುವ ಜಾಗದಲ್ಲಿ ಒಂದು ಬೋರ್ ಹಾಕಿಸು. ದೊಡ್ಡ ಕಟ್ಟಡಕ್ಕೆ, ಸುಮಾರು ಒಂದು ಎಕರೆಯಷ್ಟು ಜಾಗಕ್ಕೆ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಭಾರತೀಯ ಮಾನಕ ಹೇಳುತ್ತದೆ. ಸಣ್ಣ ಮನೆಗೆ ನಡುವೆ ಒಂದಾದರೂ ನಡೆಯುತ್ತದೆ. ಇದು ನೀರಿನ ಬೋರ್‌ವೆಲ್ ಅಲ್ಲ, ಹೆದರಬೇಡ. ಇಳಿಸುತ್ತಾ ಹೋದಂತೆ 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಕೊಳವೆಯನ್ನು ಮಣ್ಣಿಗೆ ಹೊಡೆಯುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸಿ ಬರೆದುಕೊಳ್ಳುತ್ತಾರೆ. ಎಣಿಸುವಾಗ ನೀನೂ ಅಲ್ಲಿ ನಿಂತಿರು, ಪುಸ್ತಕದಲ್ಲಿ ಬರೆದದ್ದನ್ನು ನೋಡು. ಕೆಡದಂತೆ ಮಣ್ಣು ತೆಗೆದ ಕೊಳವೆಯ ಎರಡೂ ಬಾಯಿಗೆ ಮೇಣ ಹಾಕಿ ಮುಚ್ಚಿದರೋ ಇಲ್ಲವೋ ನೋಡು. ಮುಚ್ಚದಿದ್ದರೆ ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಪಸೆ ಆರಿ ಫಲಿತಾಂಶವೇ ಬದಲಾಗುತ್ತದೆ.

ಬೋರ್ ಜೊತೆಗೆ ಜೆಸಿಬಿಯಿಂದ ಒಂದು ಗುಂಡಿಯನ್ನೂ ತೆಗೆಸಿದರೆ ಒಳ್ಳೆಯದು. ಎರಿ ಎಲ್ಲಿ ಮುಗಿದು ಗರಸು ಎಲ್ಲಿ ಶುರುವಾಯಿತು ಎಂದು ಕಣ್ಣಾರೆ ಕಾಣುತ್ತದೆ. ಆದರೆ ಗುಂಡಿ ಮನೆಯ ಗೋಡೆ, ಕಾಲಂ ಬರುವ ಕಡೆ ಬೇಡ, ಗಾಡಿ ನಿಲ್ಲಿಸುವ ಹೊರಜಾಗದಲ್ಲಿರಲಿ. ತುಂಬಿದ ಗುಂಡಿಯ ಮಣ್ಣು ಎಷ್ಟು ಧಮ್ಮಸ್ಸು ಹೊಡೆದರೂ ಮೊದಲಿನಂತಾಗುವುದಿಲ್ಲ. ಆಳದ ಗುಂಡಿಯೊಳಗೆ ಯಾರನ್ನೂ ಇಳಿಸಬೇಡ, ದಂಡೆ ಕುಸಿದು ಜೀವ ಹೋದದ್ದುಂಟು. ನೋಡಿ ಮುಗಿದ ದಿನವೇ ಮುಚ್ಚಿಸು, ಓಣಿಯ ಹುಡುಗರು ಆಡಲಿಕ್ಕೆ ಬರುತ್ತಾರೆ.

ಊರಿನ ಹಳಬರನ್ನೂ ಕೇಳಿಕೋ. ಇಲ್ಲಿ ಹಳ್ಳ ಹರಿಯುತ್ತಿತ್ತೇ, ಹಳೇ ಬಾವಿ ಮುಚ್ಚಿದ್ದಾರೆಯೇ, ಗರಸು ತೆಗೆದ ತಗ್ಗಿಗೆ ಭರ್ತಿ ಹಾಕಿ ಪ್ಲಾಟು ಮಾಡಿದ್ದಾರೆಯೇ? ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರಿನ ಗಡಿಗಳು ಕಾಣುತ್ತವೆ, ಗ್ರಾಮ ನಕಾಶೆಯ ಜೊತೆ ಇಟ್ಟು ನೋಡು. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಂಗಳ ಎಂದರೆ ಇಂದು ನಿಂತು ನೋಡುವವರು ನಂಬುವುದಿಲ್ಲ. ಕೆರೆ ಕಣ್ಣಿಗೆ ಮರೆಯಾದರೂ ಕೆಸರು ಕೆಳಗೆ ಇದ್ದೇ ಇರುತ್ತದೆ.

ಎರಿ ಎಂದು ಗೊತ್ತಾದರೆ ಎದೆಗುಂದಬೇಡ. ದಾರಿಗಳಿವೆ. ಎರಿ ತೆಳ್ಳಗಿದ್ದರೆ ತೆಗೆದುಹಾಕಿ ಗರಸಿನ ಮೇಲೆ ಕೂರುವುದು. ಆಳವಿದ್ದರೆ ಕೆಳಗೆ ಬುಡ ಉಬ್ಬಿಸಿದ ಅಂಡರ್‌ರೀಮ್ಡ್ ಪೈಲು. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಅದನ್ನು ಬೆಳೆಸಿತು. ಮೇಲಿನ ಮಣ್ಣು ಅಲುಗಿದರೂ ಅಲುಗದ ಪದರದಲ್ಲಿ ಅದು ಕಾಲೂರಿರುತ್ತದೆ. ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿಯವರು ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರ ಹಾಸಿ ಎರಿಯನ್ನು ಹಿಡಿಯುವ ವಿಧಾನ ತೋರಿಸಿದರು. ನಮ್ಮ ಮಲಪ್ರಭಾ ಕಾಲುವೆಯ ಕೆಲಸಕ್ಕೂ ಅದು ಬಂತು. ಇವುಗಳಲ್ಲಿ ನಿನಗೆ ಯಾವುದು ಎಂದು ಹೇಳಬೇಕಾದದ್ದು ನಿನ್ನದೇ ನೆಲದ ವರದಿ. ನಾನೂ ಅಲ್ಲ, ಕಂಟ್ರಾಕ್ಟರೂ ಅಲ್ಲ. ಯಾವುದೇ ಮಾಡಿದರೂ ಮನೆಯ ಸುತ್ತ ನೀರು ಇಳಿಯದಂತೆ ಕಾಂಕ್ರೀಟಿನ ಅಂಚು ಹಾಕಿಸು.

ನಿಮ್ಮತ್ತೆಯವರು ವಾಸ್ತುವಿನ ಬಗ್ಗೆ ಬಹಳ ಕಾಳಜಿ ಮಾಡುತ್ತಾರೆಂದು ಗೊತ್ತು. ಅವರಿಗೆ ವರಾಹಮಿಹಿರನ ಬೃಹತ್ಸಂಹಿತೆಯ ಮಾತು ಹೇಳು. ಒಂದು ಮೊಳ ಗುಂಡಿ ತೋಡಿ ಅದೇ ಮಣ್ಣು ತುಂಬಬೇಕು, ಮಣ್ಣು ಮಿಕ್ಕರೆ ಒಳ್ಳೆಯ ನೆಲ, ಸಾಲದೆ ಬಂದರೆ ಕೆಟ್ಟದ್ದು. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಂದು ನೋಡಬೇಕು, ನೀರು ಇಳಿಯದಿದ್ದರೆ ಉತ್ತಮ. ನೆನೆದ ಎರಿಯಲ್ಲೂ ನೀರು ಇಳಿಯದೆ ನಿಲ್ಲುತ್ತದೆ, ಹಾಗಾಗಿ ನಮ್ಮ ಸೀಮೆಗೆ ಅಷ್ಟೇ ಸಾಲದು. ಆದರೂ ದಿಕ್ಕಿನ ಜೊತೆ ನೆಲವನ್ನೂ ತೋಡಿ ನೋಡಬೇಕೆಂದು ಹಿಂದಿನವರಿಗೆ ತೋರಿತ್ತಲ್ಲ, ಅದು ದೊಡ್ಡದು. ವಿಜಯಪುರದ ಸುತ್ತ ಎಷ್ಟು ಎರಿ ಭೂಮಿ ಇದೆ ನೋಡು. ಅಲ್ಲಿಯೂ ಗೋಳಗುಮ್ಮಟ ಕಟ್ಟಿದವರು ಅದರ ಪಾಯವನ್ನು ಬಂಡೆಯ ಮೇಲೆ ಇಟ್ಟಿದ್ದಾರೆ.

ನಿನ್ನ ತಮ್ಮನೂ ಮಂಗಳೂರಿನಲ್ಲಿ ಜಾಗ ನೋಡುತ್ತಿದ್ದಾನಂತೆ. ಅವನಿಗೂ ಇದನ್ನು ಓದಲು ಕೊಡು. ಅಲ್ಲಿ ಎರಿ ಇಲ್ಲ, ಮೇಲೆಲ್ಲ ಗಟ್ಟಿ ಮುರಕಲ್ಲು. ಆದರೆ ಅದರ ಅಡಿಯಲ್ಲಿ ಎಷ್ಟೋ ಕಡೆ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಚೆನ್ನಾಗಿ ನಿಂತು, ನೀರು ತುಂಬಿದಾಗ ಬಲ ಕಳೆದುಕೊಂಡು ಜಾರುವ ಮಣ್ಣು ಅದು. ಗುಡ್ಡ ಕಡಿದು ಸೈಟು ಮಾಡಿದ ಕಡೆ ಮೇಲಿನ ಮುರಕಲ್ಲೇ ಹೋಗಿ ಶೇಡಿ ಬಯಲಾಗಿರುತ್ತದೆ. ಆ ಊರಿನ ಮಳೆ ನೆನೆದರೆ ನನಗೆ ಅವನದೂ ಚಿಂತೆಯೇ.

ಖರ್ಚಿನ ಮಾತು. ಮುಂಬಾಗಿಲಿಗೆ ತೇಗ ಹಾಕಿಸಬೇಕೆಂದು ನಿಮ್ಮ ಯಜಮಾನರ ಆಸೆ ಎಂದು ಕೇಳಿದೆ, ಹಾಕಿಸಲಿ. ಈ ವರ್ಷ ಹಣ ಸಾಲದಿದ್ದರೆ ತೇಗ ಮುಂದಿನ ವರ್ಷಕ್ಕಾದೀತು. ಬಾಗಿಲು ಬದಲಿಸಬಹುದು, ಬಣ್ಣ ಬದಲಿಸಬಹುದು. ಕಟ್ಟಿದ ಮನೆಯ ಕೆಳಗಿನ ಪಾಯ ಬದಲಿಸಲಿಕ್ಕಾಗುವುದಿಲ್ಲ.

ಮೇಘಾ, ನಾಳೆಯೇ ಮಣ್ಣು ಪರೀಕ್ಷೆಯವರಿಗೆ ಹೇಳಿ ದಿನ ಗೊತ್ತುಮಾಡು. ವರದಿಯಲ್ಲಿ ಬೋರ್ ಹಾಕಿದ ಜಾಗದ ಗುರುತು, ತಾರೀಖು, ನೀರು ಸಿಕ್ಕ ಆಳ, ಉಬ್ಬಿನ ಲೆಕ್ಕ, ಪಾಯದ ಬಗೆ ಇಷ್ಟೂ ಇರಲೇಬೇಕು, ಒಂದು ಬಿಟ್ಟಿದ್ದರೂ ಕೇಳಿ ಬರೆಸಿಕೋ. ಬಂದ ಕೂಡಲೇ ಎಲ್ಲ ಹಾಳೆಗಳ ಫೋಟೊ ತೆಗೆದು ನನಗೆ ಕಳಿಸು, ಓದಿ ಫೋನು ಮಾಡುತ್ತೇನೆ. ನಿನ್ನ ಇಂಜಿನಿಯರು ಆ ವರದಿ ನೋಡಿ ಪಾಯದ ನಕಾಶೆ ಹೊಸದಾಗಿ ಬರೆಯಲಿ. ಅಲ್ಲಿಯವರೆಗೆ ಭೂಮಿಪೂಜೆ ಬೇಕಾದರೆ ಮಾಡಿಕೊಳ್ಳಿ, ಕಂಟ್ರಾಕ್ಟರಿಗೆ ಮುಂಗಡ ಮಾತ್ರ ಕೊಡಬೇಡ.

ಇತಿ ನಿನ್ನ ಶ್ರೇಯಸ್ಸು ಬಯಸುವ,
ಸೋದರಮಾವ