ಟರ್ಬೊ ಎಂಜಿನ್ ಕಟ್ಟಿಸುವವರಿಗೆ ಸೂಚನೆ: ಮಾಡಬೇಕಾದ್ದು, ಮಾಡಬಾರದ್ದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ದಿನಾ ಓಡುವ ಕಾರಿಗೆ ಹೆಚ್ಚು ಕಂಪ್ರೆಷನ್ನಿನ ಟರ್ಬೊ ಪೆಟ್ರೋಲ್ ಎಂಜಿನ್ ಕಟ್ಟಿಸಬೇಕೆಂದಿರುವ ಮಾಲೀಕರಿಗೂ, ಕಟ್ಟಿಕೊಡುವ ಮೆಕ್ಯಾನಿಕರಿಗೂ ಈ ಸೂಚನೆ. ಬೆಂಗಳೂರಿನ ತಂಪಿನಲ್ಲಿ ಚೆನ್ನಾಗಿ ಓಡಿದ ಎಂಜಿನ್ನಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42–44 ಡಿಗ್ರಿ ಮುಟ್ಟುತ್ತದೆ. ಗಾಳಿಯಲ್ಲಿ ಪರ್ಸಿ ಕಲ್ಲಿನ ಗಣಿಯ ಪುಡಿ, ಸಿಮೆಂಟಿನ ಧೂಳು. ಬೋರ್‌ವೆಲ್ ನೀರಿನಲ್ಲಿ ಸುಣ್ಣ. ಬಿಸಿಲು, ಧೂಳು, ನೀರು, ಈ ಮೂರಕ್ಕೂ ತಡೆಯುವ ಎಂಜಿನ್ ಮೊದಲು ಕಟ್ಟಿಸಿ. ಕುದುರೆಶಕ್ತಿಯ ಲೆಕ್ಕ ಆಮೇಲೆ.

1. ಸ್ಪ್ಯಾನರ್ ಹಿಡಿಯುವ ಮೊದಲು

ಮಾಡಬೇಕಾದ್ದು

• ಮೊದಲು ಕಲಬುರಗಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

• ಏನೇನು ಬದಲಿಸುತ್ತೀರಿ ಎಂಬುದನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ.

• ಕಾರ್ಖಾನೆಯಿಂದಲೇ ಟರ್ಬೊ ಕೂತು ಬಂದ ಎಂಜಿನ್ ಆರಿಸಿಕೊಳ್ಳಿ. ಅದರ ಬ್ಲಾಕು, ಕ್ರ್ಯಾಂಕು, ಆಯಿಲ್ ದಾರಿ ಎಲ್ಲವೂ ಟರ್ಬೊದ ಒತ್ತಡಕ್ಕೆಂದೇ ಮಾಡಿದವು.

ಮಾಡಬಾರದ್ದು

• ಅನುಮತಿ ಇಲ್ಲದ ಎಂಜಿನ್ ರಸ್ತೆಗೆ ಇಳಿಯಬಾರದು. 182ಎ ಕಲಂ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

• ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಬಾರದು. ಸೈಲೆನ್ಸರಿನ ಹೊಟ್ಟೆ ಖಾಲಿ ಮಾಡಿಸಬಾರದು.

2. ಕಂಪ್ರೆಷನ್ ರೇಶಿಯೊ ಮತ್ತು ಪೆಟ್ರೋಲು

ಮಾಡಬೇಕಾದ್ದು

• ಊರ ಬಂಕಿನಲ್ಲಿ ದಿನವೂ ಸಿಗುವ ಪೆಟ್ರೋಲಿಗೆ ತಕ್ಕಂತೆ ಎಂಜಿನ್ ಕಟ್ಟಿ. ಈಗ ಸಿಗುವ, ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಕನಿಷ್ಠ 95 ಆಕ್ಟೇನ್ ಇರಬೇಕೆಂಬುದು ಮಾನದಂಡ. ಎಥೆನಾಲ್ ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ, ಅದು ಟರ್ಬೊಗೆ ಅನುಕೂಲ. ಆದರೆ ಅಷ್ಟೇ ಗಾಳಿಗೆ ಎಥೆನಾಲ್ ಇಲ್ಲದ ಪೆಟ್ರೋಲಿಗಿಂತ ಇ20 ತೂಕದಲ್ಲಿ ನೂರಕ್ಕೆ ಸುಮಾರು 9ರಷ್ಟು ಹೆಚ್ಚು ಬೇಕು. ಪಂಪು, ಇಂಜೆಕ್ಟರುಗಳಿಗೆ ಆ ತಾಕತ್ತು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

• ಪೋರ್ಟ್ ಇಂಜೆಕ್ಷನ್ ಇದ್ದರೆ ರೇಶಿಯೊ 9ರಿಂದ 9.5ರೊಳಗೆ ಇರಲಿ. ಫೋಕ್ಸ್‌ವ್ಯಾಗನ್ನಿನ 1.0 ಟಿಎಸ್‌ಐ 10.5ರಲ್ಲಿ ಓಡುವುದು, ಪೆಟ್ರೋಲು ನೇರ ಸಿಲಿಂಡರಿಗೇ ಚಿಮ್ಮಿ ಒಳಗಿನ ಗಾಳಿಯನ್ನು ತಣಿಸುವುದರಿಂದ.

• ರೇಶಿಯೊವನ್ನು ಅಳೆದೇ ತಿಳಿಯಿರಿ. ಹೆಡ್ಡನ್ನು ತಲೆಕೆಳಗಾಗಿ ಇಟ್ಟು ಪ್ಲಗ್ ಬಿಗಿಯಿರಿ. ವಾಲ್ವಿನ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಸಣ್ಣ ತೂತಿನ ಅಕ್ರಿಲಿಕ್ ಹಾಳೆ ಮುಚ್ಚಿ, ಬ್ಯುರೆಟ್ಟಿನಿಂದ ಬಣ್ಣ ಕಲಸಿದ ಸ್ಪಿರಿಟ್ ಬಿಡಿ. ಗಾಳಿಗುಳ್ಳೆ ಉಳಿಯದಂತೆ ತುಂಬಿದಾಗ ಎಷ್ಟು ಸಿಸಿ ಹೋಯಿತೋ ಅದೇ ಆ ಚೇಂಬರಿನ ಗಾತ್ರ. ನಾಲ್ಕೂ ಚೇಂಬರುಗಳ ನಡುವೆ ಅರ್ಧ ಸಿಸಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ತಲೆಯ ತಗ್ಗು ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಾಡಬಾರದ್ದು

• ‘ಹೆಡ್ ಸ್ವಲ್ಪ ಫೇಸಿಂಗ್ ಮಾಡಿಬಿಡಿ’ ಎಂದು ಅಂದಾಜಿನ ಮೇಲೆ ಲೇತಿನವರಿಗೆ ಒಪ್ಪಿಸಬಾರದು. 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ 300 ಸಿಸಿ. ಮೇಲುಳಿಯುವ ಜಾಗ 35.3 ಸಿಸಿ ಇದ್ದರೆ ರೇಶಿಯೊ 9.5, 31.5 ಸಿಸಿ ಇದ್ದರೆ 10.5. ಒಂದು ಚಹಾ ಚಮಚಕ್ಕಿಂತ ಕಡಿಮೆ ಜಾಗದಲ್ಲಿ ಉಳಿಯುವ ಎಂಜಿನ್ನೂ ಒಡೆಯುವ ಎಂಜಿನ್ನೂ ಬೇರೆಯಾಗುತ್ತವೆ.

• ಬೆಂಗಳೂರಿನಿಂದ 100 ಆಕ್ಟೇನ್ ಪೆಟ್ರೋಲು ಕ್ಯಾನಿನಲ್ಲಿ ತಂದು ಓಡಿಸುತ್ತೇನೆ ಎಂಬ ಭರವಸೆಯ ಮೇಲೆ ರೇಶಿಯೊ ಏರಿಸಬಾರದು. ಪೆಟ್ರೋಲು ಮನೆಯಲ್ಲಿ ಕೂಡಿಡುವುದಂತೂ ಬೇಡವೇ ಬೇಡ.

3. ಜೋಡಣೆ

ಮಾಡಬೇಕಾದ್ದು

• ಮೇಲಿನ ರಿಂಗನ್ನು ಬೋರಿನೊಳಗೆ ಪಿಸ್ಟನ್ನಿನಿಂದ ಸಮವಾಗಿ ತಳ್ಳಿ, ಫೀಲರ್ ಗೇಜಿನಿಂದ ಸಂದು ಅಳೆಯಿರಿ. ಟರ್ಬೊ ಎಂಜಿನ್ನಿಗೆ ಒಂದು ಸೆಂಟಿಮೀಟರ್ ಬೋರಿಗೆ 0.05ರಿಂದ 0.06 ಮಿ.ಮೀ. ಲೆಕ್ಕ; 75 ಮಿ.ಮೀ. ಬೋರಿಗೆ 0.38ರಿಂದ 0.45. ರಿಂಗ್ ತಯಾರಕರ ಹಾಳೆಯಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ.

• ಫೋರ್ಜ್ಡ್ ಪಿಸ್ಟನ್ ಯಾವ ಲೋಹದ್ದು ಎಂದು ಕೇಳಿಕೊಂಡೇ ಬೋರಿಂಗ್ ಮಾಡಿಸಿ. 4032 ಕಡಿಮೆ ಹಿಗ್ಗುತ್ತದೆ. 2618 ಹೆಚ್ಚು ಗಟ್ಟಿ, ಆದರೆ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ಗೋಡೆಯ ಸಂದು ಜಾಸ್ತಿ ಬೇಕು.

ಮಾಡಬಾರದ್ದು

• ರಿಂಗ್ ಸಂದು ಬಿಗಿ ಇಡಬಾರದು. ಬೇಸಿಗೆಯ ಬಿಸಿಯಲ್ಲಿ ರಿಂಗಿನ ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್ನಿನ ಅಂಚೇ ಮುರಿದು ಬರುತ್ತದೆ.

• ಬಿಚ್ಚಿದ ಎಂಜಿನ್ನನ್ನು ತೆರೆದ ಶೆಡ್ಡಿನಲ್ಲಿ ರಾತ್ರಿಯಿಡೀ ಬಿಡಬಾರದು. ಊಟಕ್ಕೆ ಎದ್ದರೂ ಪ್ಲಾಸ್ಟಿಕ್ ಚೀಲ ಮುಚ್ಚಿ ಏಳಿ.

4. ಬಿಸಿ

ಮಾಡಬೇಕಾದ್ದು

• ಇಂಟರ್‌ಕೂಲರನ್ನು ಮೇ ತಿಂಗಳ ಮಧ್ಯಾಹ್ನಕ್ಕೆ ಅಳೆದು ಆರಿಸಿ. ಹೊರಗೆ 25 ಡಿಗ್ರಿ ಇರುವಾಗ 0.8 ಬಾರ್ ಬೂಸ್ಟಿನಲ್ಲಿ ಟರ್ಬೊದಿಂದ ಹೊರಬೀಳುವ ಗಾಳಿ ಸುಮಾರು 103 ಡಿಗ್ರಿ. ಹೊರಗೆ 43 ಇದ್ದರೆ ಸುಮಾರು 125. ನಾಕಿಂಗ್, ಎಂದರೆ ಸಿಲಿಂಡರಿನೊಳಗೆ ಪೆಟ್ರೋಲು ತಾನಾಗಿ ಸಿಡಿಯುವುದು, ಹುಟ್ಟುವುದು ಈ ಬಿಸಿಯಲ್ಲೇ.

• ಒಳಹೋಗುವ ಗಾಳಿಯ ಬಿಸಿ ಏರಿದಂತೆ ಬೂಸ್ಟ್ ತಾನೇ ಇಳಿಯುವಂತೆ ಇಸಿಯುನಲ್ಲಿ ಬರೆಸಿ.

ಮಾಡಬಾರದ್ದು

• ವಾಡಿಯ ಹತ್ತಿರ ಸಿಮೆಂಟ್ ಬಲ್ಕರುಗಳ ಹಿಂದೆ ತೆವಳುತ್ತಾ ಬಂದು, ಖಾಲಿ ಜಾಗ ಕಂಡ ಕೂಡಲೇ ಆಕ್ಸಿಲರೇಟರ್ ಪೂರ್ತಿ ಒತ್ತಬಾರದು. ಗಾಳಿ ಆಡದೆ ಇಂಟರ್‌ಕೂಲರ್ ಕಾದು ಕೂತಿರುತ್ತದೆ. ಒಂದೆರಡು ಕಿಲೋಮೀಟರ್ ಸಮನಾಗಿ ಓಡಲು ಬಿಡಿ.

• 1,500 ಆರ್‌ಪಿಎಂನಲ್ಲಿ, ಮೇಲಿನ ಗೇರಿನಲ್ಲಿ ಜೋರಾಗಿ ಒತ್ತಬಾರದು. ಗೇರ್ ಇಳಿಸಿ. ಕಡಿಮೆ ಆರ್‌ಪಿಎಂನ ಈ ಭಾರಕ್ಕೆ ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು.

5. ಧೂಳು

ಮಾಡಬೇಕಾದ್ದು

• ಮುಚ್ಚಿದ ಡಬ್ಬಿಯೊಳಗಿನ ಒಳ್ಳೆಯ ಕಾಗದದ ಫಿಲ್ಟರನ್ನೇ ಬಳಸಿ. ಕಂಪನಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಿಸಿ. ತೊಗರಿ ರಾಶಿಯ ದಿನಗಳಲ್ಲಿ, ಗಣಿ ರಸ್ತೆಯಲ್ಲಿ ಓಡಾಡಿದ ಮೇಲೆ ತೆಗೆದು ನೋಡಿ.

• ಫಿಲ್ಟರ್ ದಾಟಿದ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಬೂದುಬಣ್ಣ ಹತ್ತಿದರೆ ಎಲ್ಲೋ ಕ್ಲಿಪ್ ಸಡಿಲಾಗಿದೆ. ಅದು ಸಿಗುವವರೆಗೆ ಕಾರು ತೆಗೆಯಬೇಡಿ. ಸಣ್ಣ ಟರ್ಬೊದ ಚಕ್ರ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಮರಳಿನ ಕಣ, ಸಿಮೆಂಟ್ ಕ್ಲಿಂಕರಿನ ಪುಡಿ ಅದರ ರೆಕ್ಕೆಯನ್ನೇ ಸವೆಸುತ್ತವೆ.

ಮಾಡಬಾರದ್ದು

• ಬಾನೆಟ್ಟಿನೊಳಗೆ ಬಯಲಾಗಿ ಕೂರುವ ಕೋನ್ ಫಿಲ್ಟರ್ ಹಾಕಿಸಬಾರದು. ಅದು ಎಂಜಿನ್ನಿನ ಬಿಸಿಗಾಳಿಯನ್ನೂ ಊರಿನ ಧೂಳನ್ನೂ ಒಟ್ಟಿಗೆ ಎಳೆಯುತ್ತದೆ.

• ಆಯಿಲ್ ಪರೀಕ್ಷೆಯಲ್ಲಿ ಧೂಳಿನ ಗುರುತಾದ ಸಿಲಿಕಾನ್ ಕಡಿಮೆ ಬಂತೆಂದು ನಿಶ್ಚಿಂತರಾಗಬಾರದು. ನಮ್ಮ ಧೂಳಿನಲ್ಲಿ ಸುಣ್ಣದ ಕಲ್ಲಿನ ಪಾಲು ದೊಡ್ಡದು. ಕ್ಯಾಲ್ಸಿಯಂ ಆಯಿಲಿನಲ್ಲೂ ಮೊದಲೇ ಇರುವುದರಿಂದ ವರದಿಯಲ್ಲಿ ಅದು ಬೇರೆಯಾಗಿ ಕಾಣುವುದಿಲ್ಲ.

6. ನೀರು, ಆಯಿಲ್

ಮಾಡಬೇಕಾದ್ದು

• ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟನ್ನು ಸಮಪಾಲು ಹಾಕಿ. ಆ ಮಿಶ್ರಣದ ಒಂದು ಕ್ಯಾನ್ ಡಿಕ್ಕಿಯಲ್ಲಿ ಯಾವಾಗಲೂ ಇರಲಿ.

• ಎಪಿಐ ಎಸ್‌ಪಿ ದರ್ಜೆಯ, ಎಂಜಿನ್ನಿಗೆ ಹೇಳಿದ ಗ್ರೇಡಿನ ಆಯಿಲ್ ಹಾಕಿ. ಟರ್ಬೊದಿಂದ ಆಯಿಲ್ ಮರಳುವ ಪೈಪು ಎಲ್ಲೂ ಮೇಲೇರದೆ ಇಳಿಜಾರಾಗಿಯೇ ಆಯಿಲ್ ಸಂಪ್‌ಗೆ ಹೋಗಬೇಕು.

ಮಾಡಬಾರದ್ದು

• ಬೋರ್‌ವೆಲ್ ನೀರು, ಹೋಟೆಲಿನ ನೀರು ರೇಡಿಯೇಟರಿಗೆ ಸುರಿಯಬಾರದು. ಸುಣ್ಣ ಮೊದಲು ಕಟ್ಟುವುದು ಅತಿ ಬಿಸಿಯ ಜಾಗದಲ್ಲಿ, ಎಂದರೆ ಎಕ್ಸಾಸ್ಟ್ ವಾಲ್ವಿನ ಸುತ್ತ. ಅಲ್ಲಿ ಬಿಸಿ ನಿಂತರೆ ನಾಕಿಂಗ್ ಅಲ್ಲಿಂದಲೇ ಶುರು. ಬಿಸಿ ತೋರಿಸುವ ಮೀಟರಿನ ಮುಳ್ಳು ಮಾತ್ರ ನಡುವೆಯೇ ಇರುತ್ತದೆ.

• ಜೋರಾಗಿ ಓಡಿಸಿ ಬಂದು ಕೂಡಲೇ ಕೀ ತಿರುಗಿಸಿ ನಿಲ್ಲಿಸಬಾರದು. ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬನ್ನಿ.

7. ಟ್ಯೂನಿಂಗ್ ಮತ್ತು ರಸ್ತೆ

ಮಾಡಬೇಕಾದ್ದು

• ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ, ಡೈನೊ ಮೇಲೆ, ನಾಕ್ ಸೆನ್ಸರಿನ ಮಾತು ಕೇಳುತ್ತಲೇ ಮ್ಯಾಪ್ ಬರೆಸಿ. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ 0.78ರಿಂದ 0.82ರೊಳಗೆ ಇರಲಿ. ಚಳಿಗಾಲದಲ್ಲಿ ಬರೆಸಿದ ಮ್ಯಾಪನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ತೋರಿಸಲೇಬೇಕು.

• ಶಕ್ತಿ ಹೆಚ್ಚಿಸಿದಷ್ಟೇ ಬ್ರೇಕು, ಟೈರಿಗೂ ಖರ್ಚು ಮಾಡಿ. ಬ್ರೇಕಿನ ಹಣ ಉಳಿಸಿ ಟರ್ಬೊ ತರುವವರಿಗೆ ಕೆಲಸ ಮಾಡಿಕೊಡಬೇಡಿ ಎಂದು ಮೆಕ್ಯಾನಿಕರಲ್ಲಿ ನಮ್ಮ ವಿನಂತಿ.

ಮಾಡಬಾರದ್ದು

• ಫೋನಿನಲ್ಲಿ ಬಂದ ರೀಮ್ಯಾಪ್ ಫೈಲ್ ಹಾಕಿಸಬಾರದು. ಅದು ಬೇರೆ ಊರಿನ ಗಾಳಿಗೆ, ಬೇರೆ ಪೆಟ್ರೋಲಿಗೆ ಬರೆದದ್ದು.

• ರಸ್ತೆಯಲ್ಲಿ ಪಂದ್ಯ ಕಟ್ಟಬಾರದು. ಸೇಡಂ ರಸ್ತೆಯಲ್ಲಿ ಕಲ್ಲಿನ ಲಾರಿ, ಎತ್ತಿನ ಬಂಡಿ, ಶಾಲೆಯ ಮಕ್ಕಳು ಎಲ್ಲರೂ ಇದ್ದಾರೆ. 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಬೀಳಬಹುದು. ವೇಗದ ಆಸೆ ನಿಜವಾಗಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ. ಹೆಲ್ಮೆಟ್ ಹಾಕಿಕೊಂಡು ಅಲ್ಲಿ ಓಡಿಸಿ.

ಎಂಜಿನ್ ಸ್ಟಾರ್ಟ್ ಆದ ದಿನ ಕೆಲಸ ಮುಗಿದಂತಲ್ಲ. ಮೊದಲ 1,000 ಕಿಲೋಮೀಟರಿಗೆ ಆಯಿಲ್ ಬದಲಿಸಿ, ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಚೂರು ಇದೆಯೇ ನೋಡಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಯಾವುದೇ ಸಿಲಿಂಡರ್ ಉಳಿದವಕ್ಕಿಂತ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ, ಕಾರಣ ಸಿಗುವವರೆಗೆ ಬೂಸ್ಟ್ ಮುಟ್ಟಬೇಡಿ.