ಗ್ರೀಕರ ಮಣ್ಣಿನ ಪಾತ್ರೆಗಳಲ್ಲಿ ಜನಜೀವನ

ಗ್ರೀಸಿನ ಇತಿಹಾಸವೆಂದೊಡನೆ ನಮ್ಮ ನೆನಪಿಗೆ ಬರುವುದು ಮ್ಯಾರಥಾನ್ ಯುದ್ಧ, ಪೆರಿಕ್ಲೀಸನ ಆಡಳಿತ, ಸಾಕ್ರಟೀಸನ ವಿಚಾರಣೆ. ಆದರೆ ಆ ನಾಡಿನಲ್ಲಿ ಉಣ್ಣೆ ನೂತವರು ಯಾರು? ಎಣ್ಣೆಗಾಗಿ ಕಾಯಿ ಉದುರಿಸಿದವರು ಯಾರು? ಇದಕ್ಕೆ ಸಾಕ್ಷಿ ಹೇಳುವವುಗಳಲ್ಲಿ ಅಥೆನ್ಸಿನ ಕುಂಬಾರರ ಚಿತ್ರಿತ ಪಾತ್ರೆಗಳು ಮುಖ್ಯವಾದವು.

ಲೋಹದ ಪಾತ್ರೆಗಳನ್ನು ಮುಂದಿನವರು ಕರಗಿಸಿಕೊಂಡರು. ಬಟ್ಟೆಯೂ ಮರವೂ ಮಣ್ಣುಗೂಡಿದವು. ಸುಟ್ಟ ಮಣ್ಣು ಮಾತ್ರ ಒಡೆದರೂ ಅಳಿಯಲಿಲ್ಲ. ಇಟಲಿಗೆ ಮಾರಾಟವಾದ ಎಷ್ಟೋ ಪಾತ್ರೆಗಳು ಅಲ್ಲಿನ ಎಟ್ರಸ್ಕನ್ ಜನರ ಗೋರಿಗಳಲ್ಲಿ ಉಳಿದುಬಂದವು. ಮೊದಲು ಕೆಂಪು ಮಣ್ಣಿನ ಮೇಲೆ ಕಪ್ಪು ಆಕೃತಿಗಳನ್ನು ಬರೆಯುತ್ತಿದ್ದರು. ಕ್ರಿ.ಪೂ. 525ರ ಸುಮಾರಿಗೆ ಹಿನ್ನೆಲೆಯನ್ನು ಕಪ್ಪಾಗಿಸಿ, ಆಕೃತಿಗಳನ್ನು ಕೆಂಪಾಗಿಯೇ ಬಿಡುವ ಪದ್ಧತಿ ಹುಟ್ಟಿತು. ಆ ಕಪ್ಪು ಬೇರೆ ಬಣ್ಣವಲ್ಲ. ಸೋಸಿದ ನಯವಾದ ಜೇಡಿಯನ್ನು ಬಳಿದು, ಆವಿಗೆಗೆ ಗಾಳಿಯನ್ನು ಒಮ್ಮೆ ತಡೆದು ಮತ್ತೆ ಬಿಟ್ಟು ಸುಡುವುದರಿಂದ ಬಂದುದು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 17 ಸೆಂಟಿಮೀಟರ್ ಎತ್ತರದ ಎಣ್ಣೆಯ ಕುಡಿಕೆಯೊಂದಿದೆ. ಕ್ರಿ.ಪೂ. 550-530ರ ಕಾಲದ್ದು. ಅದರ ಸುತ್ತ ಹೆಂಗಸರು ಉಣ್ಣೆಯನ್ನು ತಕ್ಕಡಿಯಲ್ಲಿ ತೂಗುತ್ತಾರೆ, ನೂಲುತ್ತಾರೆ, ನಿಲುವುಮಗ್ಗದಲ್ಲಿ ನೇಯುತ್ತಾರೆ, ನೆಯ್ದುದನ್ನು ಮಡಿಸುತ್ತಾರೆ. ಹಾಸಿನ ಎಳೆಗಳು ಬಿಗಿಯಾಗಿರಲೆಂದು ಕೆಳಗೆ ಗುಂಡುಗಳನ್ನು ಕಟ್ಟಿದೆ. ಇಂಥ ಮಣ್ಣಿನ ಗುಂಡುಗಳು ಗ್ರೀಸಿನ ಉತ್ಖನನಗಳಲ್ಲಿ ಹೇರಳವಾಗಿ ದೊರೆತಿರುವುದರಿಂದ, ಚಿತ್ರಕಾರನು ಕಂಡುದನ್ನೇ ಬರೆದನೆಂದು ನಂಬಬಹುದು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕ್ರಿ.ಪೂ. 520ರ ಸುಮಾರಿನ ಪಾತ್ರೆಯೊಂದರಲ್ಲಿ ಆಲಿವ್ ಸುಗ್ಗಿಯ ಚಿತ್ರವಿದೆ. ಒಬ್ಬ ಹುಡುಗ ಮರ ಹತ್ತಿದ್ದಾನೆ. ಇಬ್ಬರು ಕೆಳಗಿನಿಂದ ಕೋಲುಗಳಲ್ಲಿ ಬಡಿಯುತ್ತಿದ್ದಾರೆ. ಇನ್ನೊಬ್ಬ ಬಗ್ಗಿ ಕಾಯಿಗಳನ್ನು ಬುಟ್ಟಿಗೆ ಆರಿಸುತ್ತಿದ್ದಾನೆ.

ಬರ್ಲಿನ್ನಿನಲ್ಲಿರುವ ಬಟ್ಟಲೊಂದರಲ್ಲಿ, ಕ್ರಿ.ಪೂ. 490-480ರ ವೇಳೆಗೆ ಡೂರಿಸ್ ಎಂಬವನು ಪಾಠಶಾಲೆಯನ್ನು ಚಿತ್ರಿಸಿದ್ದಾನೆ. ಗುರುವು ಸುರುಳಿಯನ್ನು ಬಿಚ್ಚಿ ಹಿಡಿದಿದ್ದಾನೆ. ಎದುರಿಗೆ ಶಿಷ್ಯನು ನಿಂತಿದ್ದಾನೆ. ಬೇರೊಬ್ಬ ಬಾಲಕನಿಗೆ ಲೈರ್ ವಾದ್ಯದ ಪಾಠ ನಡೆದಿದೆ.

ಆದರೆ ಈ ಚಿತ್ರಗಳನ್ನು ಕನ್ನಡಿಯೆಂದು ತಿಳಿಯಲಾಗದು. ಕೊಳ್ಳುವವರ ಮೆಚ್ಚುಗೆಗಾಗಿ ಬರೆದವು ಇವು. ನೇಯುವ ಹೆಂಗಸರ ಮುಖದಲ್ಲಿ ದಣಿವಿಲ್ಲ. ಡೂರಿಸನ ಶಾಲೆಯಲ್ಲಿ ಒಬ್ಬ ಬಾಲಿಕೆಯೂ ಇಲ್ಲ. ಅಥೆನ್ಸಿನಲ್ಲಿ ಓದು ಹಣ ತೆತ್ತು ಕಲಿಯುವ ವಿದ್ಯೆಯಾಗಿತ್ತು. ಮರ ಹತ್ತಿದ ಆ ಹುಡುಗನಂಥವರಿಗೆ ಅದು ದೊರೆಯುವುದು ಸುಲಭವಿರಲಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ನನ್ನಂಥವನ ಕಣ್ಣು ಆ ಶಾಲೆಯ ಚಿತ್ರದಿಂದ ಮತ್ತೆ ಆ ಹುಡುಗನ ಕಡೆಗೇ ಹೊರಳುತ್ತದೆ.

ಅವನ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವನು ಮಾಡಿದ ಕೆಲಸವಾದರೂ ಎರಡೂವರೆ ಸಾವಿರ ವರ್ಷಗಳ ಕಾಲ ಉಳಿದುಬಂದುದು ಕುಂಬಾರನೊಬ್ಬನ ಪಾತ್ರೆಯಿಂದ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಶಾಸನ, ಗ್ರಂಥಗಳೊಡನೆ ಇಂಥ ಮಡಕೆಗಳನ್ನೂ ಓದಲು ಕಲಿಯಬೇಕು.