ಎಸಿ ರಿಪೇರಿಗೆ ಹೊರಟ ಮಕ್ಕಳಿಗೆ

ಐಟಿಐ ಮುಗಿಸಿ, ರೆಫ್ರಿಜರೇಶನ್ ಟ್ರೇಡಿನ ಸರ್ಟಿಫಿಕೇಟು ಹಿಡಿದು ಕೆಲಸ ಹುಡುಕಲು ಹೊರಟಿದ್ದೀರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವರ್ಕ್‌ಶಾಪಿನ ಹಳೇ ಮೆಷಿನ್‌ಗಳಿಗೆ ನೀವು ತುಂಬಿ ಕಲಿತ ಆರ್-22 ಗ್ಯಾಸಿನ ಆಯುಸ್ಸು ಮುಗಿಯುತ್ತ ಬಂದಿದೆ. 2030ರ ಹೊತ್ತಿಗೆ ಅದನ್ನು ಕೈಬಿಡುತ್ತೇವೆಂದು ನಮ್ಮ ದೇಶ ಒಪ್ಪಿಕೊಂಡಿದೆ. ಆಮೇಲೂ ಹಳೇ ಎಸಿಗಳ ರಿಪೇರಿಗೆ ಒಂದಿಷ್ಟು ಸಿಗಬಹುದು, ಅಷ್ಟೇ. ಹಾಗೆಂದು ಕಲಿತದ್ದು ದಂಡವಾಯಿತು ಅಂದುಕೊಳ್ಳಬೇಡಿ. ನಾನು ಈ ಕಸುಬಿಗೆ ಬಂದಾಗ ಫ್ರಿಜ್ಜಿನಲ್ಲಿದ್ದದ್ದು ಆರ್-12. ಅದು ಹೋಗಿ 134ಎ ಬಂತು. ಈಗ ಹೊಸ ಫ್ರಿಜ್ಜು ತೆರೆದರೆ ಸಿಗುವುದು 600ಎ. ಎಸಿಯಲ್ಲಿ 22ರ ಜಾಗಕ್ಕೆ 410ಎ, ಅದರ ಬೆನ್ನಿಗೇ 32, ಕೆಲವದರಲ್ಲಿ 290. ಒಬ್ಬನ ಸರ್ವಿಸಿನಲ್ಲೇ ಇಷ್ಟು ಬದಲಾವಣೆ. ನಿಮ್ಮ ಸರ್ವಿಸಿನಲ್ಲಿ ಇನ್ನೆಷ್ಟು ಬರುತ್ತವೋ.

ಗ್ಯಾಸು ಬದಲಾದಾಗಲೆಲ್ಲ ನಮ್ಮವರು ಗೊಣಗುತ್ತಾರೆ: "ಎಲ್ಲಾ ಕಂಪನಿಯವರು ಹೊಸ ಮಾಲು ಮಾರೋಕೆ ಹೂಡಿದ ಆಟ." ಪೂರ್ತಿ ಸುಳ್ಳಲ್ಲ, ವ್ಯಾಪಾರ ಅದರಲ್ಲಿ ಇದ್ದೇ ಇದೆ. ಆದರೆ ಮೂಲ ಕಾರಣ ಬೇರೆ, ಅದು ನಿಮಗೆ ಗೊತ್ತಿರಬೇಕು. 1920ರ ದಶಕದಲ್ಲಿ ಫ್ರಿಜ್ಜಿಗೆ ತುಂಬುತ್ತಿದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ರಾತ್ರಿ ಸೋರಿದರೆ ಮಲಗಿದವರು ಏಳುವ ಖಾತ್ರಿ ಇರಲಿಲ್ಲ. ಅಮೆರಿಕದ ಥಾಮಸ್ ಮಿಡ್ಗ್ಲಿ ಎಂಬಾತ ವಿಷವೂ ಅಲ್ಲದ, ಹೊತ್ತಿಯೂ ಕೊಳ್ಳದ ಗ್ಯಾಸನ್ನು ಹುಡುಕಿ ಕೊಟ್ಟ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ತಾನೇ ಒಳಗೆಳೆದುಕೊಂಡು, ಉಸಿರು ಬಿಟ್ಟು, ಮೇಣದಬತ್ತಿ ಆರಿಸಿ ತೋರಿಸಿದ. (ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಹಾನುಭಾವನದು. ಅದನ್ನು ನಮ್ಮ ಬಂಕುಗಳಿಂದ ಓಡಿಸಲು 2000ನೇ ಇಸವಿ ಬರಬೇಕಾಯಿತು.) ಅವನ ಗ್ಯಾಸೇ ಸಿಎಫ್‌ಸಿ. ಮನೆಯೊಳಗೆ ಸಾಧುವಾಗಿದ್ದ ಅದು ಮೇಲೇರಿ ಓಜೋನ್ ಪದರವನ್ನು ಒಡೆಯುತ್ತದೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ತೂತಿನ ಸುದ್ದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಅದಕ್ಕೆ ಸೇರಿತು.

ಈ ಕಥೆಯಲ್ಲಿ ನಮ್ಮ ಕಸುಬಿನ ಕಡೆಯವರೊಬ್ಬರು ಬರುತ್ತಾರೆ. ಅವರ ಹೆಸರನ್ನು ಯಾವ ಟ್ರೇಡ್ ಥಿಯರಿ ಪುಸ್ತಕದಲ್ಲೂ ನಾನು ಕಂಡಿಲ್ಲ. ವೀರಭದ್ರನ್ ರಾಮನಾಥನ್. ಹುಟ್ಟಿದ್ದು ಮಧುರೆಯಲ್ಲಿ, ಹನ್ನೊಂದನೇ ವಯಸ್ಸಿಗೆ ಬೆಂಗಳೂರಿಗೆ ಬಂದರು. ತಮಿಳಿನಲ್ಲಿ ಓದುತ್ತಿದ್ದ ಹುಡುಗ ಏಕಾಏಕಿ ಇಂಗ್ಲಿಷ್ ಕ್ಲಾಸಿನಲ್ಲಿ ಕೂತರು. ಮೇಷ್ಟ್ರು ಹೇಳುವುದು ತಲೆಗೆ ಹತ್ತದೆ, ಎಲ್ಲವನ್ನೂ ತಾನೇ ಯೋಚಿಸಿ ತಿಳಿದುಕೊಳ್ಳುವ ಅಭ್ಯಾಸ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಎಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸ ಸಿಕಂದರಾಬಾದಿನ ಒಂದು ರೆಫ್ರಿಜರೇಶನ್ ಕಂಪನಿಯಲ್ಲಿ. ಮೆಷಿನ್‌ನಿಂದ ಗ್ಯಾಸು ಯಾಕೆ ಇಷ್ಟು ಬೇಗ ಸೋರಿ ಹೋಗುತ್ತದೆ ಎಂದು ಪತ್ತೆ ಮಾಡುವುದು ಅಲ್ಲಿ ಅವರ ಪಾಲಿಗೆ ಬಂದ ಕೆಲಸ. ಆಮೇಲೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ಪ್ರಕಟಿಸಿದ ಲೇಖನ ಹೊಸದೊಂದು ಸಂಗತಿ ತೋರಿಸಿತು: ಓಜೋನಿನ ಮಾತು ಹಾಗಿರಲಿ, ಸಿಎಫ್‌ಸಿಯ ಒಂದು ಅಣು ಇಂಗಾಲದ ಡೈಆಕ್ಸೈಡಿನ 10,000ಕ್ಕೂ ಹೆಚ್ಚು ಅಣುಗಳಷ್ಟು ಬಿಸಿಯನ್ನು ಭೂಮಿಯ ಮೇಲೆ ಹಿಡಿದಿಡುತ್ತದೆ. ದೊಡ್ಡ ದೊಡ್ಡ ಲ್ಯಾಬಿನವರಿಗೆ ಹೊಳೆಯದ್ದು ಸೋರುವ ಜಾಯಿಂಟು ನೋಡಿ ಬಂದವರಿಗೆ ಹೊಳೆಯಿತು ಎಂದು ನಾನು ನಂಬಿದ್ದೇನೆ. ಇದು ಕಸುಬಿನ ಅಭಿಮಾನದ ಮಾತು, ಪುರಾವೆ ಕೇಳಬೇಡಿ.

ಈಗ ನಿಮ್ಮ ಕೈಯ ಲೆಕ್ಕಕ್ಕೆ ಬನ್ನಿ. ಆರ್-22ರ ಬಿಸಿ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 1,800 ಪಟ್ಟು. ಅದರ ಬದಲಿಗೆ ಬಂದ 410ಎ ಓಜೋನಿಗೆ ಏನೂ ಮಾಡುವುದಿಲ್ಲ, ಆದರೆ ಅದರ ಶಕ್ತಿ ಎರಡು ಸಾವಿರ ಪಟ್ಟು ದಾಟುತ್ತದೆ. ಆರ್-32ರದ್ದು 675. ಆರ್-290 ಎಂದರೆ ಪ್ರೊಪೇನು, ಅದರದ್ದು ಬರೀ 3ರ ಆಸುಪಾಸು. ಒಂದೂವರೆ ಟನ್ನಿನ ಹಳೇ ಸ್ಪ್ಲಿಟ್ಟಿನಲ್ಲಿ ಸುಮಾರು ಒಂದು ಕೆ.ಜಿ. ಆರ್-22 ಇರುತ್ತದೆ. ಒಂದು ಲೀಟರು ಪೆಟ್ರೋಲು ಸುಟ್ಟರೆ 2.3 ಕೆ.ಜಿ. ಡೈಆಕ್ಸೈಡು ಬರುತ್ತದೆ. ಭಾಗಿಸಿ ನೋಡಿ. ಆ ಒಂದು ಕೆ.ಜಿ. ಗ್ಯಾಸನ್ನು ಗಾಳಿಗೆ ಬಿಟ್ಟರೆ 780 ಲೀಟರು ಪೆಟ್ರೋಲು ಸುಟ್ಟಷ್ಟಾಯಿತು. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಬೆಂಗಳೂರಿನಿಂದ ಕಲಬುರಗಿಗೆ ಹತ್ತಿರ ಹತ್ತಿರ ಹತ್ತು ಸಲ ಹೋಗಿ ಬರಬಹುದು. ನಟ್ಟು ಸಡಿಲಿಸಿ 'ಸುಯ್' ಅನ್ನಿಸಿದರೆ ಅದೆಲ್ಲ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಯಾವ ವಾಸನೆಯೂ ಬರುವುದಿಲ್ಲ, ಯಾರೂ ದಂಡ ಹಾಕುವುದಿಲ್ಲ. ಕಾರಿಗೆ ಎಮಿಷನ್ ಟೆಸ್ಟಿದೆ, ನಿಮ್ಮ ಸ್ಪ್ಯಾನರಿಗೆ ಇಲ್ಲ.

ಹಾಗಾಗಿ ನಾನು ಬೇಡುವುದು ದೊಡ್ಡದೇನಲ್ಲ. ಮನೆ ಬದಲಿಸುವವರು ಎಸಿ ಬಿಚ್ಚಲು ಕರೆಯುತ್ತಾರೆ. ಮೊದಲು ಪಂಪ್‌ಡೌನ್ ಮಾಡಿ. ಔಟ್‌ಡೋರಿನ ಸಣ್ಣ ಪೈಪಿನ ವಾಲ್ವು ಮುಚ್ಚಿ ಕೂಲಿಂಗಿನಲ್ಲಿ ಓಡಿಸಿ, ಗೇಜು ಸೊನ್ನೆಯ ಹತ್ತಿರ ಇಳಿದಾಗ ದಪ್ಪ ಪೈಪಿನದು ಮುಚ್ಚಿ, ತಕ್ಷಣ ಆಫ್ ಮಾಡಿ. ಗ್ಯಾಸೆಲ್ಲ ಔಟ್‌ಡೋರಿನೊಳಗೆ ಭದ್ರವಾಗಿ ಕೂರುತ್ತದೆ. ಇದಕ್ಕೆ ಬೇಕಾದ್ದು ಒಂದು ಅಲೆನ್ ಕೀ, ಒಂದು ಗೇಜು, ಕೆಲವು ನಿಮಿಷ. ಆದರೆ ಎಲ್ಲೋ ಸೋರುತ್ತಿದೆ ಅನ್ನುವ ಅನುಮಾನವಿದ್ದರೆ ಪಂಪ್‌ಡೌನ್ ಮಾಡಲೇಬೇಡಿ. ಒಳಗೆ ಗಾಳಿ ಎಳೆದುಕೊಂಡು ಕಂಪ್ರೆಸರ್ ಸಿಡಿದು ಪ್ರಾಣ ಹೋದದ್ದುಂಟು. ಅಲ್ಲಿಗೂ, ಕಂಪ್ರೆಸರ್ ಸತ್ತಿರುವಲ್ಲಿಗೂ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ರಿಕವರಿ ಮೆಷಿನ್ನೇ ಬೇಕು. ಸಿಲಿಂಡರನ್ನು ಶೇ. 80ಕ್ಕಿಂತ ಮೇಲೆ ತುಂಬಬೇಡಿ. ಒಂದರಲ್ಲಿ ಎರಡು ಗ್ಯಾಸು ಬೆರೆಸಬೇಡಿ, ಬೆರೆತದ್ದು ಯಾರ ಉಪಯೋಗಕ್ಕೂ ಬರುವುದಿಲ್ಲ. ಹೊಸ ಎಸಿ ಕೂರಿಸುವಾಗ ವ್ಯಾಕ್ಯೂಮ್ ಪಂಪು ಹೊತ್ತು ನಾಲ್ಕನೇ ಮಹಡಿ ಹತ್ತುವ ಬದಲು, ಮೆಷಿನಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಓಡಿಸುವ ಚಾಳಿಯೊಂದಿದೆ. ಅದರಲ್ಲಿ ಗ್ಯಾಸೂ ಹೋಗುತ್ತದೆ, ಒಳಗಿನ ತೇವವೂ ಅಲ್ಲೇ ಉಳಿಯುತ್ತದೆ. ತೇವ ಉಳಿದರೆ ಎಣ್ಣೆ ಹುಳಿಯಾಗಿ ಕಂಪ್ರೆಸರ್ ಕೆಡುತ್ತದೆ. ಬೈಗುಳ ತಿನ್ನುವವನು ನಿಮ್ಮ ಹಿಂದೆ ಬರುವ ಮೆಕ್ಯಾನಿಕ್.

ಇನ್ನು ಬೇಸಿಗೆಯ ಆ ದೊಡ್ಡ ದಂಧೆ. "ಗ್ಯಾಸ್ ಕಡಿಮೆಯಾಗಿದೆ ಸರ್, ಟಾಪ್-ಅಪ್ ಮಾಡಿಬಿಡ್ತೀನಿ." ಗ್ಯಾಸು ಸ್ಕೂಟರಿನ ಪೆಟ್ರೋಲಿನ ಹಾಗೆ ಓಡಿದಷ್ಟೂ ಕರಗುವುದಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತ ಇರುವುದು. ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ. ನೈಟ್ರೋಜನ್ ತುಂಬಿ, ಸಾಬೂನು ನೀರು ಸವರಿ, ಅದನ್ನು ಹುಡುಕಿ ಮುಚ್ಚಿದ ಮೇಲೆ ಗ್ಯಾಸು ತುಂಬಬೇಕು. ಪ್ರತಿ ವರ್ಷ ಅದೇ ಮನೆಗೆ ಹೋಗಿ ಟಾಪ್-ಅಪ್ ಹೊಡೆದು ದುಡ್ಡು ಎಣಿಸುವವನನ್ನು ನಾನು ಮೆಕ್ಯಾನಿಕ್ ಎಂದು ಕರೆಯಲಾರೆ. ಹಾಗಿದ್ದರೂ ಅವನು ಒಳ್ಳೇ ಸಂಪಾದನೆ ಮಾಡುತ್ತಾನೆ ಅನ್ನುವುದೂ ನನಗೆ ಗೊತ್ತು. ಎಷ್ಟೋ ಮನೆಯಲ್ಲಿ ಕೂಲಿಂಗ್ ಬರದಿರುವುದಕ್ಕೆ ಕಾರಣ ಫಿಲ್ಟರಿನ ಧೂಳು. ತೊಳೆದು ಕೊಟ್ಟು ಬನ್ನಿ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂದು ಇಂಧನ ದಕ್ಷತೆಯ ಬ್ಯೂರೋ ಹೇಳುತ್ತದೆ. ಹದಿನೆಂಟಕ್ಕಿಟ್ಟು ಕಂಬಳಿ ಹೊದೆಯುವವರಿಗೆ ಅದನ್ನು ಹೇಳಿ. ಬಿಸಿಲು ಬೀಳದ ಪುಟ್ಟ ಕೋಣೆಗೆ ಎಸಿ ಕೇಳುವ ವಯಸ್ಸಾದವರಿದ್ದರೆ, ಬೇಡ ಅಜ್ಜಾ, ಒಳ್ಳೇ ಫ್ಯಾನು ಸಾಕು ಎಂದು ಹೇಳುವ ಧೈರ್ಯವೂ ಇರಲಿ. ಆವತ್ತು ನಿಮಗೆ ಕೆಲಸ ತಪ್ಪಬಹುದು, ಆ ಬೀದಿ ತಪ್ಪುವುದಿಲ್ಲ.

ಹೊಸ ಗ್ಯಾಸುಗಳ ಬಗ್ಗೆ ಎಚ್ಚರ ಹೇಳದೆ ಬಿಡಲಾರೆ. ಮಿಡ್ಗ್ಲಿ ಓಡಿಸಿದ ಬೆಂಕಿಯ ಅಪಾಯ ಈಗ ವಾಪಸ್ಸು ಬಂದಿದೆ. ಆರ್-32 ಸ್ವಲ್ಪ ಹೊತ್ತಿಕೊಳ್ಳುವಂಥದು, 290 ಮತ್ತು 600ಎ ಅಡುಗೆ ಗ್ಯಾಸಿನ ಒಡಹುಟ್ಟುಗಳೇ. ಕಂಪ್ರೆಸರಿನ ಮೇಲೆ ಜ್ವಾಲೆಯ ಚಿತ್ರದ ಹಳದಿ ಸ್ಟಿಕ್ಕರ್ ಕಂಡರೆ, ನೈಟ್ರೋಜನ್ನಿನಿಂದ ಪೈಪು ತೊಳೆಯದೆ ಬ್ರೇಜಿಂಗ್ ಟಾರ್ಚು ಹತ್ತಿರ ತರಬೇಡಿ. ಬಾಗಿಲು ಕಿಟಕಿ ತೆರೆದಿಡಿ. "ಹಳೇದರಲ್ಲಿ ಹಿಂಗೇ ಮಾಡ್ತಿದ್ವಿ" ಎನ್ನುವ ಸೀನಿಯರ್ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ. 22ರ ಹಳೇ ಗೇಜನ್ನು 32ಕ್ಕೆ ಹಾಕಬೇಡಿ, ಇದರ ಒತ್ತಡ ಒಂದೂವರೆ ಪಟ್ಟಿಗೂ ಹೆಚ್ಚು. 410ಎ ಎರಡು ಗ್ಯಾಸುಗಳ ಬೆರಕೆಯಾದ್ದರಿಂದ ಅದನ್ನು ದ್ರವವಾಗಿಯೇ ತುಂಬಬೇಕು. ಇವೆಲ್ಲ ಯಾವುದೋ ಕಂಪನಿಯ ಮಾಡೆಲಿನ ಪಾಠವಲ್ಲ. ಒತ್ತಡ ಮತ್ತು ಉಷ್ಣತೆಯ ಕೋಷ್ಟಕ ಓದಲು ಬಂದವನಿಗೆ ನಾಳೆ ಬರುವ ಗ್ಯಾಸೂ ಅರ್ಥವಾಗುತ್ತದೆ. 'ಇಷ್ಟು ಪಾಯಿಂಟಿಗೆ ನಿಲ್ಲಿಸು' ಎಂದು ಬಾಯಿಪಾಠ ಮಾಡಿದವನು ಪ್ರತಿ ಹೊಸ ಮೆಷಿನ್ ಬಂದಾಗಲೂ ಮತ್ತೆ ಹೆಲ್ಪರ್ ಆಗುತ್ತಾನೆ.

ಕೆಲಸ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ನನಗಿಲ್ಲ. ತಂಪಿಲ್ಲದೆ ಈ ರಾಜ್ಯದ ಎಷ್ಟೋ ವ್ಯವಹಾರ ನಿಲ್ಲುತ್ತದೆ. ಬ್ಯಾಡಗಿಯ ಮೆಣಸಿನಕಾಯಿ, ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಕೂತು ಬೆಲೆಗೆ ಕಾಯುತ್ತವೆ. ಹಳ್ಳಿಯ ಡೇರಿಗಳಲ್ಲಿ ಹಾಲು ತಣಿಸುವ ಬಲ್ಕ್ ಕೂಲರ್ ರಾತ್ರಿ ಕೆಟ್ಟರೆ ಬೆಳಿಗ್ಗೆ ನೂರಾರು ಮನೆಯವರ ಹಾಲು ಚರಂಡಿಗೆ. ಲಸಿಕೆ, ರಕ್ತನಿಧಿ, ಬೆಂಗಳೂರಿನ ಡೇಟಾ ಸೆಂಟರು, ಎಲ್ಲಕ್ಕೂ ತಂಪು ಬೇಕು. ಕರಾವಳಿಯ ಹುಡುಗರು ಎಷ್ಟೋ ಕಾಲದಿಂದ ಈ ಕಸುಬು ಹಿಡಿದೇ ಕೊಲ್ಲಿಗೆ ಹೋಗುತ್ತಿದ್ದಾರೆ. ಎಲ್ಲರೂ ಸ್ಪ್ಲಿಟ್ ಎಸಿಯ ಹಿಂದೆಯೇ ಬೀಳಬೇಡಿ ಎಂಬುದು ನನ್ನ ಮಾತು. ದೊಡ್ಡ ಕೋಲ್ಡ್ ಸ್ಟೋರೇಜುಗಳಲ್ಲಿ ಇಂದಿಗೂ ಅಮೋನಿಯಾ ಓಡುತ್ತದೆ. ಮೂಗಿಗೆ ಘಾಟು, ಮೈಗೆ ಅಪಾಯ, ಆದರೆ ಹವೆಗೆ ಅದರಿಂದ ಕೇಡಿಲ್ಲ. ಆ ಪ್ಲಾಂಟು ನಡೆಸಬಲ್ಲವರು ಸಿಗುವುದಿಲ್ಲವೆಂದು ಮಾಲೀಕರು ಸದಾ ಹೇಳುತ್ತಿರುತ್ತಾರೆ. ಇನ್ವರ್ಟರ್ ಎಸಿ ಬಂದ ಮೇಲೆ ಪಿಸಿಬಿ ಓದಬಲ್ಲ ಕೈಗೂ ಬೆಲೆ ಬಂದಿದೆ. ಬೋರ್ಡು ಕೆಟ್ಟಿದೆ, ಬದಲಿಸಿ ಎನ್ನುವುದು ಸುಲಭ. ಒಂದು ಕೆಪಾಸಿಟರ್ ಬದಲಿಸಿ ಅದನ್ನು ಉಳಿಸಿದರೆ ಗಿರಾಕಿಯ ದುಡ್ಡೂ ಉಳಿಯಿತು, ಇ-ತ್ಯಾಜ್ಯದ ರಾಶಿಗೆ ಒಂದು ಬೋರ್ಡೂ ಕಡಿಮೆಯಾಯಿತು. ಟ್ರೇಡಿಗೆ ಹೆಣ್ಣುಮಕ್ಕಳೂ ಬರುತ್ತಿದ್ದೀರಿ. ಬೋರ್ಡಿನ ಕೆಲಸ ಮಾತ್ರ ನಿಮಗೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಏಣಿ ಎಲ್ಲರದೂ.

ಇಷ್ಟೆಲ್ಲ ನಿಮಗೆ ಹೇಳಿ ಮಾಲೀಕರನ್ನು ಬಿಟ್ಟರೆ ಅದು ಅನ್ಯಾಯ. ದಿನಕ್ಕೆ ಏಳೆಂಟು ಕಾಲ್ ಹಚ್ಚಿ, ತಡವಾದರೆ ಆ್ಯಪಿನಲ್ಲಿ ಸ್ಟಾರ್ ಕತ್ತರಿಸಿ, ಕೊನೆಗೆ ಪರಿಸರದ ಪಾಠವನ್ನು ಹುಡುಗನಿಗೆ ಮಾತ್ರ ಮಾಡುವುದು ಯಾವ ನ್ಯಾಯ? ರಿಕವರಿಗೆ ಹಿಡಿಯುವ ಅರ್ಧ ಗಂಟೆಯ ಕೂಲಿಯನ್ನು ಬಿಲ್ಲಿನಲ್ಲಿ ಸೇರಿಸಬೇಕಾದವರು ಅವರು. ಮೆಷಿನ್ನಿನ ಬೆಲೆ ಹೊಸ ಹುಡುಗನ ಕೈಗೆ ಎಟುಕುವಂಥದಲ್ಲ. ಸ್ವಂತ ಅಂಗಡಿ ಇಡುವವರು ನಾಲ್ಕೈದು ಜನ ಸೇರಿ ಒಂದನ್ನು ಕೊಳ್ಳಿ. 2019ರಲ್ಲಿ ಕೇಂದ್ರ ಸರ್ಕಾರ ತಂದ ಕೂಲಿಂಗ್ ಆ್ಯಕ್ಷನ್ ಪ್ಲ್ಯಾನಿನಲ್ಲಿ ಒಂದು ಲಕ್ಷ ಸರ್ವಿಸ್ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಹಾಕಿಕೊಂಡಿದ್ದರು. ಅಂಥ ತರಬೇತಿ ಹತ್ತಿರದ ಊರಿನಲ್ಲಿ ನಡೆದರೆ ಎರಡು ದಿನದ ಕೂಲಿ ಹೋದರೂ ಹೋಗಿ ಬನ್ನಿ. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಪ್ರಕಾರ 410ಎ, 32ರಂಥ ಎಚ್‌ಎಫ್‌ಸಿಗಳ ಬಳಕೆಗೆ 2028ರಿಂದ ಮಿತಿ, 2032ರಿಂದ ಕಡಿತ, 2047ರ ಹೊತ್ತಿಗೆ ಶೇ. 85ರಷ್ಟು ಇಳಿಕೆ. ಅಷ್ಟರಲ್ಲಿ ನಿಮ್ಮಲ್ಲಿ ಹೆಚ್ಚಿನವರು ನಲವತ್ತು ದಾಟಿರುತ್ತೀರಿ, ಕೈಕೆಳಗೆ ಹುಡುಗರಿರುತ್ತಾರೆ.

ಮುಂದಿನ ವಾರದಿಂದ ಇಂಟರ್‌ವ್ಯೂಗಳು ಶುರುವಾಗುತ್ತವೆ. ಸಂಬಳ ಎಷ್ಟು ಎಂದು ಖಂಡಿತ ಕೇಳಿ, ನಾಚಬೇಡಿ. ಅದರ ಜೊತೆಗೆ ಇನ್ನೆರಡು ಕೇಳಿ: ಅಂಗಡಿಯಲ್ಲಿ ರಿಕವರಿ ಮೆಷಿನ್ ಇದೆಯಾ, ಔಟ್‌ಡೋರ್ ಹತ್ತುವಾಗ ಸೇಫ್ಟಿ ಬೆಲ್ಟ್ ಕೊಡುತ್ತೀರಾ? ಎರಡಕ್ಕೂ ಇಲ್ಲ ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.